ಬಲಗಡೆಯ ಬಾಗಿಲು

ಸೂರತ್ತಿನ ಕನ್ನಡ ಬಳಗದವರು ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮಂಥ ಹಳೆಯ ಹವ್ಯಾಸಿ ನಟರನ್ನು ಕರೆದಿದ್ದರು. ಒಬ್ಬೊಬ್ಬರೂ ರಂಗದ ಮೇಲಿನ ಮರೆಯಲಾಗದ ಒಂದು ಗಳಿಗೆಯನ್ನು ಹೇಳಬೇಕು. ನನ್ನದು ಯಾವುದೆಂದು ನಾನು ಯೋಚಿಸಬೇಕಾಗಿರಲಿಲ್ಲ. ಆದರೆ ಆ ವಾರವೇ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಬಂತು. ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುವ ಗೆಳೆಯ ತಾನು ಹೇಳಲಿರುವುದನ್ನು ಮೊದಲೇ ಹೇಳಿಬಿಟ್ಟಿದ್ದ. ಅಹಮದಾಬಾದಿನ ಬೋಪಾಲ್ ಬಡಾವಣೆಯ ನನ್ನ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು ಕೇಳಿದೆ. ಅದು ನನ್ನ ಕಥೆ.

ನಾಟಕ ನಮ್ಮವರೇ ಒಬ್ಬರು ಬರೆದದ್ದು. ಎಷ್ಟೋ ವರ್ಷಗಳ ಮೇಲೆ ಅಪ್ಪ ಮನೆಗೆ ಬರುತ್ತಾನೆ. ಗುರುತು ಸಿಗದ ಮಗಳು ಯಾರೋ ದಾರಿಹೋಕನೆಂದು ನೀರು ಕೊಡುತ್ತಾಳೆ. ಅವನು ನೀರು ಕುಡಿದು ಒಂದು ಉದ್ದನೆಯ ಮಾತು ಆಡಿ ಹೊರಡಬೇಕು. ಸೂರತ್ತಿನ ಪ್ರದರ್ಶನದಲ್ಲಿ ಅಪ್ಪನ ಪಾತ್ರಧಾರಿಗೆ ಆ ಮಾತು ಪೂರ್ತಿ ಮರೆತುಹೋಯಿತು. ಲೋಟವನ್ನು ಸ್ಟೂಲಿನ ಮೇಲೆ ಬೋರಲು ಹಾಕಿ ಸುಮ್ಮನೆ ನಡೆದುಬಿಟ್ಟ. ಸಭೆ ಉಸಿರು ಬಿಡಲಿಲ್ಲ. ಆಮೇಲೆ ಚಪ್ಪಾಳೆ. ನಾಟಕ ಬರೆದವರು ಮರುದಿನವೇ ಆ ಮಾತನ್ನು ತೆಗೆದುಹಾಕಿದರು.

ಆ ಪಾತ್ರಧಾರಿ ನಾನು. ಹಾಗೆಂದು ಇಷ್ಟು ವರ್ಷ ನಂಬಿದ್ದೆ.

ಗೊಂದಲಕ್ಕೆ ಎಡೆ ಇತ್ತು. ನಮ್ಮ ತಂಡ ಮೂರು ಊರುಗಳಲ್ಲಿ ಹಂಚಿಹೋಗಿತ್ತು. ವಡೋದರಾ ಬಳಿಯ ಕೊಯಾಲಿಯ ರಿಫೈನರಿಯವರಿಗೆ ಶಿಫ್ಟು, ಸೂರತ್ತಿನ ಹೋಟೆಲಿನವರಿಗೆ ಮದುವೆಯ ಸೀಸನ್ನು, ಅಹಮದಾಬಾದಿನ ಸಂಶೋಧನಾ ಕೇಂದ್ರದ ನಮಗೆ ಯಾವಾಗ ಬೇಕಾದರೂ ಬರುವ ಉಪಕರಣಗಳ ಪರೀಕ್ಷೆ. ಅದಕ್ಕೇ ಒಂದು ಮುಖ್ಯ ಪಾತ್ರವನ್ನು ಇಬ್ಬರು ಕಲಿಯುತ್ತಿದ್ದೆವು, ಬೇರೆ ಬೇರೆ ಊರುಗಳಲ್ಲಿ. ಬಣ್ಣ ಹಚ್ಚುವವರು ಯಾರೆಂಬುದು ಆ ದಿನ ಬೆಳಿಗ್ಗೆ ಗೊತ್ತಾಗುತ್ತಿತ್ತು. ಅಪ್ಪನ ಪಾತ್ರ ಕಲಿತವರು ನಾನು ಮತ್ತು ಹೋಟೆಲಿನ ಗೆಳೆಯ. ಸೂರತ್ತಿಗೂ ಮೊದಲು ವಡೋದರಾದಲ್ಲಿ ನಾನು ಅದನ್ನು ಪೂರ್ತಿ ಮಾತಿನೊಂದಿಗೆ ಆಡಿದ್ದೆ; ಅದು ಯಾರಿಗೂ ನೆನಪಿಲ್ಲ, ನೆನಪಿರಬೇಕಾದ್ದೂ ಇಲ್ಲ. ಉಳಿದ ಪಾತ್ರಗಳೂ ಅಷ್ಟೇ. ಆ ಒಂದು ಮೌನವೂ ನನ್ನದಲ್ಲವಾದರೆ, ನಾನೂ ನಟನಾಗಿದ್ದೆ ಎನ್ನಲು ಉಳಿಯುವುದೇನು?

ಎರಡು ಉಪಕರಣಗಳು ಬೇರೆ ಬೇರೆ ಅಂಕಿ ತೋರಿಸಿದರೆ ಮೂರನೆಯದನ್ನು ತರಬೇಕೆಂದು ಕಲಿತವನು ನಾನು. ಉತ್ಸವಕ್ಕೆಂದು ನಾನು ಸೂರತ್ತಿಗೆ ಹೊರಟಿದ್ದ ರೈಲನ್ನು ಆ ಮೂರನೆಯದು ವಡೋದರಾದಲ್ಲಿ ಹತ್ತಿತು. ಧಾರವಾಡ ಕಡೆಯವರು, ಅಲ್ಲಿನ ಫತೇಗಂಜಿನಲ್ಲಿ ಮನೆ, ನಿವೃತ್ತ ಶಿಕ್ಷಕಿ. ಎರಡೂ ಊರುಗಳಲ್ಲಿ ಮಗಳ ಪಾತ್ರ ಮಾಡಿದವರು. ಅವರು ಕೂರುವ ಮೊದಲೇ ಕೇಳಿಬಿಟ್ಟೆ.

“ಸೂರತ್ನ್ಯಾಗ ಯಾರಿದ್ರು ಅಂತ ನನಗೇನ್ ಗೊತ್ರೀ?” ಎಂದರು. “ಸ್ಟೇಜ್ ಮ್ಯಾಲೆ ನಾ ಚಷ್ಮಾ ತಗದಿಡ್ತಿದ್ನಿ. ನಿಮ್ಮ ಮಾರಿ ನನಗ ಮಸಕ್ ಮಸಕ್ ಕಾಣ್ತಿತ್ತು.”

“ಅಷ್ಟು ನಾಟಕ ಹಾಗೇ ಮಾಡಿದಿರಾ?”

“ಮತ್ತ? ಮಂದಿ ಕಂಡ್ರ ಅಂಜಿಕಿ. ಕಾಣಲಿಲ್ಲಂದ್ರ ನಾನೇ ರಾಣಿ.” ನಕ್ಕು, ಡಬ್ಬಿ ತೆಗೆದು ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ ಕೊಟ್ಟರು. ನಾನು ಕೈಯಲ್ಲಿ ಹಿಡಿದುಕೊಂಡೇ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: “ಒಂದ್ ನೆನಪೈತಿ ನೋಡ್ರಿ. ಅವತ್ತು ಲೋಟ ಬೋರಲ ಹಾಕೂ ಮುಂದ ಕೈ ಎಷ್ಟು ನಡಗತಿತ್ತಂದ್ರ, ಸ್ಟೂಲಿನ ಮ್ಯಾಲೆ ಕಟಕಟ ಅಂತು.”

ನನ್ನ ನೆನಪಿನಲ್ಲಿ ಲೋಟ ಸದ್ದು ಮಾಡುವುದೇ ಇಲ್ಲ. ಭರೂಚ್ ದಾಟುವಾಗ ನರ್ಮದೆಯನ್ನು ನೋಡಲಿಲ್ಲ. ನನಗಿದ್ದ ಗಟ್ಟಿ ನೆನಪು ಒಂದೇ: ಬಲಗಡೆಯ ಬಾಗಿಲಿನಿಂದ ಹೊರಬಿದ್ದೆ, ಬೆನ್ನಿಗೆ ಚಪ್ಪಾಳೆ ಬಡಿಯಿತು. ಅದನ್ನೇ ಹಿಡಿದುಕೊಂಡು ಸೂರತ್ತಿನಲ್ಲಿ ಇಳಿದೆ.

ಅದೇ ಹಳೆಯ ಸಭಾಂಗಣ. ಯಾರೂ ಬರುವ ಮೊದಲು ವೇದಿಕೆ ಹತ್ತಿ ಬಲಕ್ಕೆ ತಿರುಗಿದೆ. ಗೋಡೆ.

“ಎಂತ ಹುಡುಕ್ತೀರಿ?” ಹೋಟೆಲಿನ ಗೆಳೆಯ ಮೈಕಿನ ವೈರು ಎಳೆಯುತ್ತ ಬಂದ.

“ಇಲ್ಲೊಂದು ಬಾಗಿಲಿತ್ತಲ್ಲ?”

“ಯಾವ ಕಾಲದಲ್ಲಿ ಮಾರಾಯ್ರೆ? ಗೋಡೆಯಾಚೆ ಬೇರೆಯವರ ಗೋದಾಮು. ಬರುದೂ ಎಡದಿಂದ, ಹೋಗುದೂ ಎಡದಿಂದ. ನೀವು ವಿಜ್ಞಾನಿಗಳು ಗೋಡೆಯೊಳಗಿಂದಲೇ ಹೋಗ್ತಿದ್ರಾ ಹೇಗೆ?”

ಬಾಗಿಲು ಎಲ್ಲಿತ್ತೆಂದು ಆಗ ಹೊಳೆಯಿತು. ನಮ್ಮ ಬೋಪಾಲಿನ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ. ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ರಂಗದ ಗೆರೆ ಎಳೆದು ತಾಲೀಮು ಮಾಡುತ್ತಿದ್ದೆವು. ಬಲಗಡೆಯ ಬಾಗಿಲೆಂದರೆ ಲಿಫ್ಟಿನ ಕಡೆಗೆ ಬಿಟ್ಟ ಸಂದು. ಮಾತು ತೆಗೆದುಹಾಕಿದ ಮೇಲೆ ಮುಂದಿನ ಪ್ರದರ್ಶನಕ್ಕೆಂದು ಆ ಮೌನವನ್ನು ನಾನು ಅಲ್ಲಿ ಕಲಿತಿದ್ದೆ. ಲಿಫ್ಟಿಗೆ ಕಾದಿದ್ದ ಗುಜರಾತಿ ನೆರೆಯವರು ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಪ್ರದರ್ಶನ ನಡೆಯಲೇ ಇಲ್ಲ.

ಸಭೆ ತುಂಬಿತು. ಗೆಳೆಯ ಮೈಕು ಹಿಡಿದ. “ಹೋಟ್ಲಲ್ಲಿ ಬೆಳಗಿಂದ ನಂದು ಕೂಗುದೇ ಕೆಲಸ. ಟೇಬಲ್ ಒರೆಸು, ಸಾಂಬಾರ್ ತಾ. ಅವತ್ತು ಬಾಯಲ್ಲಿ ಒಂದು ಶಬ್ದ ಇಲ್ಲ, ಆದ್ರೂ ಇಷ್ಟು ಜನ ಕೇಳ್ತಾ ಇದ್ರು. ಅದಕ್ಕೇ ನಂಗೆ ನಾಟಕದ ಹುಚ್ಚು ಬಿಡಲಿಲ್ಲ.” ಇಂಥ ಮಾತನ್ನು ಬೇರೆಯವನ ನೆನಪಿನಿಂದ ಯಾರೂ ಆಡಲಾರರು. ಆದರೂ ನನ್ನೊಳಗೆ ಯಾವುದೋ ಒಂದು ಇನ್ನೂ ವಾದಿಸುತ್ತಲೇ ಇತ್ತು.

ಮೈಕು ನನಗೆ ಬಂತು. “ಅವರ ಪಾತ್ರವನ್ನೇ ನಾನೂ ಕಲಿತಿದ್ದೆ,” ಎಂದೆ. “ಆ ಮೌನವನ್ನು ಮಾತ್ರ ಜನರ ಮುಂದೆ ಆಡಲಿಲ್ಲ.”

“ಹಂಗಾರ ಈಗ ಮಾಡ್ರಲಾ!” ಶಿಕ್ಷಕಿ ಎದ್ದರು. ಚಷ್ಮಾ ತೆಗೆದು ಗೆಳೆಯನ ಕೈಗಿಟ್ಟು, ಅತಿಥಿಗಳಿಗಿಟ್ಟಿದ್ದ ಸ್ಟೀಲಿನ ಲೋಟ ತಂದು ನನ್ನೆದುರು ನೀಡಿದರು. ಅವರ ಮುಖ ಕ್ಷಣದಲ್ಲಿ ಅಪರಿಚಿತಳದಾಯಿತು. ಅವರಿಗೆ ನಾನು ಕಾಣುತ್ತಿರಲಿಲ್ಲ. ನನಗೆ ಸಭೆಯ ಒಂದೊಂದು ಮುಖವೂ ಕಾಣುತ್ತಿತ್ತು.

ನೀರು ಕುಡಿದೆ. ಲೋಟ ಬೋರಲು ಹಾಕುವಾಗ ಅದು ಪಕ್ಕದಲ್ಲಿದ್ದ ಸ್ಟೂಲಿಗೆ ಕಟಕಟ ಬಡಿಯಿತು. ತಿರುಗಿ ಹೊರಟೆ. ಕಾಲು ಬಲಕ್ಕೇ ಹೋಯಿತು. ಗೋಡೆಯ ಮುಂದೆ ನಿಂತೆ, ಹೊಸ ಬಣ್ಣದ ವಾಸನೆ ಬರುವಷ್ಟು ಹತ್ತಿರ. ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ಹಿಂದಿರುಗಿ, ಶಿಕ್ಷಕಿಯ ಎದುರಿನಿಂದ ಮತ್ತೆ ಹಾದು, ಇಡೀ ವೇದಿಕೆಯನ್ನು ದಾಟಿ ಎಡಕ್ಕೆ ನಡೆದೆ.

ಚಪ್ಪಾಳೆ ಬಂತೆಂದು ನೆನಪು. ಅದರ ವಿಡಿಯೋ ವಾಟ್ಸಾಪ್ ಗುಂಪಿನಲ್ಲಿದೆ. ನಾನಿನ್ನೂ ತೆರೆದಿಲ್ಲ.