ಹವಾ ಪಂಪಿನ ಪಾಠ

ಎರಡನೆಯ ಸಲ ಮ್ಯಾಟ್ರಿಕ್ ಪರೀಕ್ಷೆಗೆ ಕೂತಾಗ ವಿಜ್ಞಾನದ ಪುಸ್ತಕ ನನಗೆ ಪೂರ್ತಿ ಬಾಯಿಪಾಠವಾಗಿತ್ತು. ಮೊದಲನೆಯ ಸಲವೂ ಆಗಿತ್ತು.

ಪರೀಕ್ಷೆಯ ಹಿಂದಿನ ದಿನ ಹಳೇ ಹುಬ್ಬಳ್ಳಿಯಲ್ಲಿ ನನ್ನ ಸೈಕಲ್ ಪಂಕ್ಚರ್ ಆಯಿತು. ರಿಪೇರಿ ಅಂಗಡಿಯ ಹುಸೇನ್ ಕಾಕಾ ತೇಪೆ ಹಚ್ಚುವಾಗ ನಾನು ಪಕ್ಕದಲ್ಲಿ ಪಂಪಿನ ಪಾಠ ಒಪ್ಪಿಸುತ್ತಿದ್ದೆ.

“ಛಲೋ ಹೇಳ್ತೀರಿ. ಈಗ ಬಾಯಿ ಮುಚ್ಚಿ ತೋರಸ್ರಿ,” ಎಂದು ಅವರು ಪಂಪು ಬಿಚ್ಚಿ ಕೈಗಿಟ್ಟರು.

ಮತ್ತೆ ಜೋಡಿಸುವಾಗ ಚರ್ಮದ ವಾಶರನ್ನು ತಿರುಗಾಮುರುಗಾ ಹಾಕಿದೆ. ಹವಾ ಬರಲಿಲ್ಲ.

“ಇನ್ನೊಮ್ಮೆ ಬಿಚ್ರಿ, ಪಂಡಿತರ.”

ನಾಲ್ಕನೆಯ ಸಲಕ್ಕೆ ಗಾಲಿ ಗಟ್ಟಿಯಾಯಿತು.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಪಂಪೇ ಬಂತು. ಪುಸ್ತಕದ ಒಂದು ಸಾಲೂ ನೆನಪಾಗಲಿಲ್ಲ. ಕೈಗೆ ನೆನಪಿದ್ದುದನ್ನು ಬರೆದು ಪಾಸಾದೆ.

ಪೇಡೆ ಒಯ್ದಾಗ ಕಾಕಾ ಗಿರಾಕಿಗಳಿಗೆ, “ನಮ್ಮ ಅಂಗಡ್ಯಾಗ ಕಲ್ತ ಮೊದಲನೇ ಮ್ಯಾಟ್ರಿಕ್ ಇವರು,” ಎಂದು ಪರಿಚಯಿಸಿ ನನ್ನ ಕೈಗೆ ಪಂಪು ಕೊಟ್ಟರು. ಮ್ಯಾಟ್ರಿಕ್ ಆದವನಿಗೆ ತಕ್ಕ ಘನತೆಯಿಂದ ನಾನು ಮೂರು ಸೈಕಲ್ಲಿಗೆ ಹವಾ ಹೊಡೆದೆ.