ಕಾರಿನ ಹೂಮಾಲೆ

ಹೊಸ ಕಾರು ಡೆಲಿವರಿ ಕೊಡುವಾಗ ಬಾನೆಟ್ಟಿಗೆ ಹೂಮಾಲೆ ಹಾಕುವುದು ನಮ್ಮ ಶೋರೂಮಿನ ಪದ್ಧತಿ. ಆ ದಿನ ಕಾರು ಕೊಂಡವರು ಕಂಕನಾಡಿಯ ನರ್ಸ್ ಜೆಸಿಂತಾ ಮತ್ತು ಅವರ ಸಂಗಾತಿ ಲವೀನಾ. ಕಾರಿನೊಟ್ಟಿಗೆ ತಮ್ಮಿಬ್ಬರನ್ನೂ ಆಶೀರ್ವದಿಸಬೇಕೆಂದು ತಮ್ಮ ಚರ್ಚಿನ ಫಾದರಲ್ಲಿ ಕೇಳಿಕೊಂಡಿದ್ದರು. ಹಾಗಾಗಿ ಕಾರನ್ನು ಸೀದಾ ಇಗರ್ಜಿಯ ಅಂಗಳಕ್ಕೇ ತಂದೆ.

ಫಾದರ್ ಮಾಲೆ ನೋಡಿ ಅಲ್ಲೇ ನಿಂತರು. "ಇದನ್ನು ತೆಗೆಯಿರಿ ಮಾರಾಯ್ರೆ. ಇಬ್ಬರು ಹೆಂಗಸರ ಇಂಥ ಜೋಡಿಯನ್ನೂ ಆಶೀರ್ವದಿಸಬಹುದು ಅಂತ ರೋಮ್ ಹೇಳಿದೆ, ಪೋಪರೇ ಒಪ್ಪಿದ್ದಾರೆ, ಆದರೆ ಮದುವೆಯ ಹಾಗೆ ಕಾಣಬಾರದು. ಇದೇ ವಿಷಯಕ್ಕೆ ಅರ್ಧ ಇಗರ್ಜಿ ನನ್ನ ಹತ್ತಿರ ಮಾತು ಬಿಟ್ಟಿದೆ."

"ಫಾದರ್, ಅದು ಕಾರಿನ ಮಾಲೆ!"

"ಫೋಟೋ ನೋಡಿದವರಿಗೆ ಅದು ಗೊತ್ತಾಗ್ತದಾ?"

ಮಾಲೆ, ರಿಬ್ಬನ್, ಜೆಸಿಂತಾ-ಲವೀನಾರ ಕೈಯ ಹೂಗುಚ್ಛ ಎಲ್ಲ ಡಿಕ್ಕಿ ಸೇರಿತು. ಫಾದರ್ ಇಬ್ಬರ ತಲೆಯ ಮೇಲೂ ಕೈಯಿಟ್ಟು ಮೆಲ್ಲಗೆ ಪ್ರಾರ್ಥಿಸಿದರು. ಲವೀನಾ ಅಳುತ್ತಾ ನಗುತ್ತಿದ್ದರು. ಫಾದರ್ ಕೂಡ ಕನ್ನಡಕ ತೆಗೆದು ಒರೆಸಿಕೊಂಡು, ಹಾಗೇ ಹೊರಟುಬಿಟ್ಟರು.

"ಫಾದರ್, ಕಾರಿಗೆ ಆಶೀರ್ವಾದ?" ಎಂದು ಕೂಗಿದೆ.

ಅವರು ತಿರುಗಿದರು. ಅಭ್ಯಾಸಬಲದಿಂದ ನಾನು ಚಕ್ರಗಳಡಿ ಇಟ್ಟಿದ್ದ ನಿಂಬೆಹಣ್ಣುಗಳು ಕಣ್ಣಿಗೆ ಬಿದ್ದವು.

"ಅದನ್ನು ನೀವು ಆಗಲೇ ಮುಗಿಸಿದ್ದೀರಲ್ಲ," ಎಂದರು. "ಇರಲಿ. ನಿಂಬೆಹಣ್ಣಿನ ಬಗ್ಗೆ ರೋಮ್ ಎಂತದೂ ಹೇಳಿಲ್ಲ."