ಹಬ್ಬದ ದಿನ ಕಾಣೆಯಾದ ಚಪ್ಪಲಿಗಳು

ಅಮೆರಿಕದ ಕೆನ್ಮೋರ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಯಹೂದಿ. ನಾನು ಕರೆಯುವುದು ಅಜ್ಜಿ ಅಂತಲೇ, ಅವರಿಗೂ ರೂಢಿಯಾಗಿದೆ. ನಾಜಿಗಳು ಮನೆಮನೆ ಜಾಲಾಡುತ್ತಿದ್ದ ಕಾಲದಲ್ಲಿ ಅಪ್ಪ, ಅಮ್ಮ, ತಮ್ಮನ ಜೊತೆ ನೆರೆಯವರ ಅಟ್ಟದಲ್ಲಿ ಅಡಗಿ ಉಳಿದ ಜೀವ ಅದು. ಆ ನೆರೆಮನೆಯಾಕೆ ಮೊದಲು ಮಾಡಿದ ಕೆಲಸ, ಇವರ ನಾಲ್ಕು ಜೊತೆ ಬೂಟುಗಳನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹುದುಗಿಸಿಟ್ಟದ್ದಂತೆ. "ಬಾಗಿಲಲ್ಲಿ ಬೂಟು ಕಂಡ್ರೆ ಒಳಗೆ ಎಷ್ಟು ಜನ ಅಂತ ಗೊತ್ತಾಗ್ಬಿಡುತ್ತೆ," ಎಂದು ಅಜ್ಜಿ ಒಮ್ಮೆ ಬೇಲಿಯಾಚೆಯಿಂದ ಹೇಳಿದ್ದರು. ಅಯ್ಯೋ ಪಾಪ ಅಂದವಳೇ, ಒಲೆಯ ಮೇಲಿನ ಹಾಲು ನೆನಪಾಗಿ ನಾನು ಒಳಗೆ ಓಡಿದ್ದೆ.

ರಂಜಾನ್ ಹಬ್ಬದ ಆ ಮಧ್ಯಾಹ್ನ ಊರಂಚಿನ ಸರೋವರದ ಮಂಜು ಇನ್ನೂ ಬೀದಿಯಲ್ಲೇ ತೂಕಡಿಸುತ್ತಿತ್ತು. ಟೋಟೆಮ್ ಲೇಕ್‌ನಿಂದ, ರೆಂಟನ್‌ನಿಂದ ಸ್ನೇಹಿತರ ದಂಡೇ ಬಂದಿತ್ತು. ಮೈಸೂರಿನ ರೂಢಿ ಎಲ್ಲಿ ಹೋಗುತ್ತದೆ, ಚಪ್ಪಲಿಗಳೆಲ್ಲ ಬಾಗಿಲಾಚೆ ರಾಶಿ. ಬಿರಿಯಾನಿ ತಿಂದು ಎಲ್ಲರಿಗೂ ಕಣ್ಣು ಎಳೆಯುತ್ತಿರುವಾಗ ಮಗಳು ಬಾಗಿಲು ತೆಗೆದು ಕೂಗಿದಳು: "ಅಮ್ಮೀ, ದ ಶೂಸ್ ಆರ್ ಗಾನ್!"

"ಅಯ್ಯೋ, ನನ್ನ ಹೊಸ ಚಪ್ಪಲಿ ಕಣ್ರೀ!" ಗೆಳತಿಯೊಬ್ಬಳು ಹಾರಿಬಿದ್ದಳು. "ಮದ್ವೆಮನೇಲಿ ಹೋಗೋದು ಗೊತ್ತು, ಇಲ್ಲೂನಾ?"

ಅಜ್ಜಿಯ ಗ್ಯಾರೇಜಿನ ಬಾಗಿಲಲ್ಲಿ ಮಗುವಿನ ಬೂಟೊಂದು ಬಿದ್ದಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬರಿಗಾಲಲ್ಲೇ ದಡದಡ ಹೋದೆ. ಅಜ್ಜಿ ಮಂಡಿಯೂರಿ, ಚಪ್ಪಲಿಗಳ ಮೇಲೆ ಹಳೆಯ ರಜಾಯಿ ಹೊದಿಸುತ್ತಿದ್ದರು.

"ಏನಜ್ಜಿ ಇದು, ನಿಮಗೇನಾದ್ರೂ ತಲೆ..." ಎಂದವಳಿಗೆ ಅವರ ಬೆದರಿದ ಮುಖ ಕಂಡಿತು. ಈಚೆಗೆ ಅವರಿಗೆ ಹಿಂದಿನದು ಇಂದಿನದು ಎಲ್ಲ ಕಲಸಿಹೋಗುತ್ತಿತ್ತು.

"ಶ್... ಯೂನಿಫಾರ್ಮಿನವನು ಬಂದಿದಾನೆ. ಒಂದೊಂದೇ ಮನೆಗೆ ಹೋಗ್ತಿದಾನೆ. ಮಕ್ಕಳು ಅಳದ ಹಾಗೆ ನೋಡ್ಕೋ."

ತಿರುಗಿ ನೋಡಿದರೆ, ಗ್ಯಾಸ್ ಮೀಟರ್ ನೋಡಲು ಬಂದವನು.

ನಮ್ಮನ್ನು ಉಳಿಸಲು ಆ ಮಂಡಿನೋವಿನ ಜೀವ ಎಷ್ಟು ಸಲ ಬಗ್ಗಿ ಎದ್ದಿರಬೇಕು! ನನ್ನ ಕೋಪಕ್ಕೆ ನನಗೇ ನಾಚಿಕೆಯಾಯಿತು. ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. ಅವನ ವ್ಯಾನ್ ತಿರುವು ದಾಟಿ ಮಂಜಿನಲ್ಲಿ ಕರಗುವವರೆಗೂ ಇಬ್ಬರೂ ಬಾಗಿಲ ಮರೆಯಲ್ಲೇ ಕೂತಿದ್ದೆವು. ಎಷ್ಟು ಹೊತ್ತೋ, ಯಾವ ಊರೋ, ನನಗೂ ಮರೆತುಹೋಗಿತ್ತು.

"ಅವನು ಹೋದ, ಅಜ್ಜಿ. ನಾವೆಲ್ಲಾ ಉಳ್ಕೊಂಡ್ವಿ."

"ಎಲ್ಲರೂ?"

"ಎಲ್ಲರೂ."

ಅವರ ಬಿಗಿದ ಮುಖ ಸಡಿಲವಾಗಿ, ಕಣ್ಣು ತುಂಬಿ ಬಂತು.

"ಹಾಗಾದ್ರೆ ನಮ್ಮಮ್ಮನಿಗೆ ಹೇಳಿ ಬರ್ತೀಯಾ?" ಎಂದರು. "ಇನ್ನು ಕೆಳಗೆ ಬರಬಹುದು ಅಂತ."